ಮಾವ ಬಿಟ್ಟ ಅರ್ಧ ತಂಬಿಗೆ

ಘೋಣಸಗಿಯ ಶಿವಯೋಗೆಪ್ಪನವರು ಅಳಿಯನ ಮನೆಯಲ್ಲಿ ಕೊಟ್ಟ ತಂಬಿಗೆ ನೀರಿನಲ್ಲಿ ಅರ್ಧ ಕುಡಿದು ಅರ್ಧ ಬಿಟ್ಟರು. ಸಂಗನಬಸವನ ಸಂಸಾರಕ್ಕೆ ಕುತ್ತು ಬಂದದ್ದು ಅಲ್ಲಿಂದ.

ಅರ್ಧ ತಂಬಿಗೆ ನೀರಿಗೆ ಇಷ್ಟು ರಂಪವೇ ಎಂದು ನೀವು ಕೇಳಬಹುದು. ಶಿವಯೋಗೆಪ್ಪನವರನ್ನು ಬಲ್ಲವರು ಕೇಳುವುದಿಲ್ಲ. ಯಾರ ಮನೆಗೆ ಹೋದರೂ ಬಾಗಿಲಲ್ಲಿ ಕಾಲು ತೊಳೆದು, ಒಳಗೆ ಕೂತು, ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು, ತುಂಬಿದ ತಂಬಿಗೆಯನ್ನು ಗಟಗಟ ಖಾಲಿ ಮಾಡಿ, ಮೀಸೆ ಒರೆಸಿಕೊಂಡ ಮೇಲೆಯೇ ಅವರ ಮಾತು ಶುರು. ತಂಬಿಗೆ ಖಾಲಿಯಾದರೆ ಆ ಮನೆ ಅವರ ಲೆಕ್ಕದಲ್ಲಿ ಪಾಸು. ಹಾಗೆ ಖಾಲಿ ಮಾಡಿದ್ದರಿಂದಲೇ ಮಗಳು ಶೈಲಶ್ರೀಯನ್ನು ಸಂಗನಬಸವನಿಗೆ ಕೊಟ್ಟಿದ್ದರು. ಆಗ ಅವನಿದ್ದದ್ದು ವಿಜಯಪುರದ ಹಳೆಯ ಓಣಿಯ ಬಾಡಿಗೆ ಮನೆಯಲ್ಲಿ, ಅಲ್ಲಿನ ನೀರೇ ಬೇರೆ. ಈಗ ಸೊಲ್ಲಾಪುರ ರಸ್ತೆಯ ಒಳಗೆ ಹೊಸ ಬಡಾವಣೆಯಲ್ಲಿ ಸ್ವಂತ ಮನೆ ಕಟ್ಟಿಸಿದ್ದ. ಬಡಾವಣೆಗೆಲ್ಲ ಒಂದೇ ಬೋರ್‌ವೆಲ್. ಪಾತ್ರೆಗಳಿಗೆ ಸುಣ್ಣ ಬಳಿದಂತೆ ಬಿಳಿ ಪದರ, ಸಾಬೂನು ಎಷ್ಟು ತಿಕ್ಕಿದರೂ ನೊರೆಯ ಸುಳಿವಿಲ್ಲ, ಮೂಗಿನ ಹತ್ತಿರ ತಂದರೆ ನೀರಿನ ಟಾಕಿಯ ಪಾಚಿ ವಾಸನೆ.

"ಅಳಿಯಾರ," ಎಂದು ಶಿವಯೋಗೆಪ್ಪನವರು ತಂಬಿಗೆ ಕೆಳಗಿಟ್ಟು ಹೇಳಿದ್ದರು, "ಈ ನೀರಾಗ ಪಾಚಿ ವಾಸನಿ ಬರಾಕತ್ತೈತಿ. ತಳದಾಗ ಏನೋ ಓಡ್ಯಾಡಿದಂಗ ಕಾಣ್ತೈತಿ. ನಮ್ಮ ಹೊಲದ ಬಾವಿ ನೀರು ಕುಡದ ಬೆಳದ ಹುಡುಗಿ ಇದನ್ನ ಹೆಂಗ ಕುಡೀಬೇಕ್ರಿ?"

ಶೈಲಶ್ರೀ ಅದೇ ಹೊತ್ತು ನೋಡಿ ತನ್ನ ಬಾಚಣಿಕೆಯನ್ನು ತಂದು ತೋರಿಸಿದಳು. ಅದರಲ್ಲಿ ಇನ್ನೊಂದು ಸಣ್ಣ ಜಡೆ ಹೆಣೆಯುವಷ್ಟು ಕೂದಲಿತ್ತು. ಶಿವಯೋಗೆಪ್ಪನವರು ಮಗಳಿಗೆ ಚೀಲ ತುಂಬಲು ಹೇಳಿದರು. "ನೀರು ಸುಧಾರಿಸಿದ ಮ್ಯಾಲ ಫೋನ್ ಮಾಡ್ರಿ, ಕರಕೊಂಡ ಬರ್ತೀನಿ," ಎಂದು ತಿಕೋಟಾ ಬಸ್ಸು ಹತ್ತಿಸಿಕೊಂಡು ಹೋದರು.

ನೀರು ಸುಧಾರಿಸುವುದು ಎಂದರೆ ಒಂದು ಮಷೀನು ತಂದು ಗೋಡೆಗೆ ಕೂಡಿಸುವುದು. ಬೇರೆಯವರಿಗೆ ಒಂದು ಸಂಜೆಯ ಕೆಲಸ. ಆದರೆ ಸಂಗನಬಸವ ಸಂತೆಯಲ್ಲಿ ಬದನೆಕಾಯಿ ಆರಿಸಲು ನಿಂತರೆ ಮಾರುವವಳೇ ಬೇಸತ್ತು ಆರಿಸಿ ಚೀಲಕ್ಕೆ ಹಾಕಬೇಕು, ಅಂಥ ಪ್ರಾಣಿ. ಊರಿನ ಅಂಗಡಿಗಳ ಜಾಹೀರಾತಿನ ಹಾಳೆಗಳನ್ನೆಲ್ಲ ತಂದು ಓದಿದ. ಒಂದು ಮಷೀನು ನೀರಿನ ಉಪ್ಪು ತೆಗೆಯುತ್ತದಂತೆ. ಇನ್ನೊಂದು ಬೆಳಕು ಬಿಟ್ಟು ಕ್ರಿಮಿ ಕೊಲ್ಲುತ್ತದಂತೆ. ಮತ್ತೊಂದು ಉಪ್ಪನ್ನೆಲ್ಲ ತೆಗೆದು, ಆಮೇಲೆ ಅದರಲ್ಲೇ ಸ್ವಲ್ಪ ವಾಪಸ್ಸು ಹಾಕುತ್ತದಂತೆ. ವಾಪಸ್ಸು ಹಾಕುವುದಾದರೆ ತೆಗೆದದ್ದೇಕೆ ಎಂದು ಯೋಚಿಸುತ್ತ ಅವನು ಎಷ್ಟೋ ದಿನ ಹೆಂಡತಿಯಿಲ್ಲದೆ ಊಟ ಮಾಡಿದ.

ಒಂದು ಬೆಳಿಗ್ಗೆ ಶೈಲಶ್ರೀಯ ಫೋನು ಬಂತು.

"ಅಪ್ಪ ಇವತ್ತ ಸಂಜೀಕ ಬರ್ತಾರಂತ್ರಿ. ನನ್ನೂ ಕರಕೊಂಡ ಬರಾಕತ್ತಾರ. ಮಷೀನ್ ಹಾಕ್ಸೀರಿಲ್ರಿ?"

ಹೆಂಡತಿ ಬರುತ್ತಾಳೆಂಬ ಸಂತೋಷದಲ್ಲಿ ಸಂಗನಬಸವನ ನಾಲಗೆ ಜಾರಿತು. "ಹಾಕ್ಸೇನಲ್ಲ! ಎಂದೋ ಆಗೈತಿ."

"ಸುಳ್ಳ ಹೇಳಬ್ಯಾಡ್ರಿ ಮತ್ತ. ತಂಬಿಗಿ ಖಾಲಿ ಆತಂದ್ರ ಬಿಟ್ಟ ಬರ್ತೀನಿ, ಅರ್ಧ ಉಳೀತಂದ್ರ ಹೊಳ್ಳಿ ಕರಕೊಂಡ ಹೋಗ್ತೀನಿ ಅಂತ ಅಪ್ಪ ಹೇಳ್ಯಾರ." ದನಿ ತಗ್ಗಿಸಿ ಹೇಳಿದಳು, "ನನಗೂ ಇಲ್ಲಿ ಸಾಕಾಗೈತ್ರಿ. ದಿನಾ ಎಮ್ಮಿ ಮೈ ತೊಳ್ಯೂದ ಆಗೈತಿ ನನ್ನ ಕೆಲಸ. ಹೆಂಗರ ಮಾಡ್ರಿ."

ಆ 'ಹೆಂಗರ ಮಾಡ್ರಿ' ಕೇಳಿ ಸಂಗನಬಸವ ಅಂದೇ ಮಷೀನು ತರಲು ಎದ್ದ. ಕೆಲಸ ಮಾಡುವ ಸೊಸೈಟಿಗೆ ಫೋನು ಮಾಡಿ ಹೊಟ್ಟೆನೋವೆಂದು ರಜೆ ಹಾಕಿದ. ಈ ಸುಳ್ಳು ಸಂಜೆಯೊಳಗೆ ನಿಜವಾಗಲಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

"ಏನ್ ಆಗೇತೋ ಸಂಗ್ಯಾ ಈ ನೀರಿಗಿ?" ಎಂದು ಅವನ ತಾಯಿ ಕಾಳವ್ವ ಅಡುಗೆಮನೆಯಿಂದ ಕೇಳಿದಳು. "ನಾ ಕುಡಿಯಾಕತ್ತಿಲ್ಲೇನು? ಗಟ್ಟಿ ಅದೇನಿ."

ಕಾಳವ್ವನಿಗೆ ನೀರಿನಲ್ಲಿ ಒಳ್ಳೆಯದು ಕೆಟ್ಟದ್ದು ಎಂಬ ಭೇದವಿರಲಿಲ್ಲ. ಚೆಲ್ಲಿದ ನೀರು, ಚೆಲ್ಲದ ನೀರು ಎಂಬ ಎರಡೇ ಬಗೆ. ಅಕ್ಕಿ ತೊಳೆದ ನೀರು ಕರಿಬೇವಿಗೆ, ಕೈ ತೊಳೆದ ನೀರು ಅಂಗಳಕ್ಕೆ, ಅರಿವೆ ಹಿಂಡಿದ ನೀರು ಮೆಟ್ಟಿಲಿಗೆ. ಅವಳ ಕಣ್ಣೆದುರು ಒಂದು ಚರಿಗೆ ನೀರು ಸುಮ್ಮನೆ ಮೋರಿಗೆ ಹೋದರೆ ಅಂದು ಅವಳಿಗೆ ಊಟ ಸೇರುತ್ತಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಗುರಣ್ಣ ಬಾಗಿಲಲ್ಲಿ ಹಾಜರಾದ. ಸರ್ವೆ ಇಲಾಖೆಯಿಂದ ನಿವೃತ್ತನಾದ ಈ ಮನುಷ್ಯನಿಗೆ ಅಳೆಯುವ ಚಟ ಬಿಟ್ಟಿರಲಿಲ್ಲ. ಹೊಲ ಅಳೆಯುವುದು ಮುಗಿದ ಮೇಲೆ ನೀರು ಅಳೆಯುವುದಕ್ಕೆ ಹಿಡಿದಿದ್ದ. ನೀರಿನಲ್ಲಿ ಉಪ್ಪೆಷ್ಟಿದೆ ಎಂದು ಅಂಕಿಯಲ್ಲಿ ತೋರಿಸುವ ಒಂದು ಮೀಟರು ಅವನ ಅಂಗಿಯ ಜೇಬಿನಲ್ಲಿ ಪೆನ್ನಿನಂತೆ ಸದಾ ಸಿಕ್ಕಿಕೊಂಡಿರುತ್ತಿತ್ತು. ಮದುವೆಯ ಊಟದಲ್ಲಿ ಮಜ್ಜಿಗೆಯೊಳಗೂ ಅದನ್ನು ಅದ್ದಿ ನೋಡಿ ಬಡಿಸುವವರಿಂದ ಬೈಸಿಕೊಂಡಿದ್ದ.

"ಎಲ್ಲಾ ಕೇಳಿಸ್ತು ತಮ್ಮಾ," ಎಂದ ಗುರಣ್ಣ, ಕೇಳಿಸಿಕೊಂಡದ್ದಕ್ಕೆ ಸ್ವಲ್ಪವೂ ನಾಚದೆ. ಅಲ್ಲೇ ಇದ್ದ ಕೊಡದೊಳಗೆ ಮೀಟರು ಅದ್ದಿ ಹೌಹಾರಿದ. "ಯಪ್ಪಾ! ಇದು ನೀರೇನು? ಇದರಾಗ ಉಪ್ಪಿನಕಾಯಿ ಹಾಕಬೇಕು! ಮೊದಲ ನಮ್ಮ ಮನೀಗಿ ಬಂದ ನಮ್ಮ ಮಷೀನಿಂದು ಒಂದ ತಂಬಿಗಿ ಕುಡಿ. ಕುಡದ ನೋಡಲಾರ್ದ ಯಾವ ಮಷೀನೂ ತಗೋಬಾರ್ದು."

ಸಂಗನಬಸವ ಹೋಗಿ ಕುಡಿದ. ಅರ್ಧಕ್ಕೆ ನಿಲ್ಲಿಸಬಹುದಿತ್ತು. ಆದರೆ ತಂಬಿಗೆ ಅರ್ಧ ಬಿಟ್ಟರೆ ಒಂದು ಮನೆಗೆ ಏನಾಗುತ್ತದೆಂದು ಅವನಿಗಿಂತ ಚೆನ್ನಾಗಿ ಯಾರು ಬಲ್ಲರು? ಪೂರ್ತಿ ಖಾಲಿ ಮಾಡಿದ.

ಹೊರಗೆ ಬರುವಷ್ಟರಲ್ಲಿ ಎದುರು ಮನೆಯ ಸಕೀನಾ, ಹೊಲಿಗೆ ಯಂತ್ರ ಬಿಟ್ಟು ಎದ್ದು, ಕಾಂಪೌಂಡಿನ ಮೇಲಿಂದ ಒಂದು ದೊಡ್ಡ ಗ್ಲಾಸು ಚಾಚಿದಳು. "ಅಣ್ಣಾರ, ಮಷೀನ್ ಗಿಷೀನ್ ಏನೂ ಬ್ಯಾಡ್ರಿ. ಕಾಸಿ, ಆರಿಸಿ, ಅರಿವ್ಯಾಗ ಸೋಸೀನಿ. ಕುಡದ ನೋಡ್ರಿ, ನಿಮಗ ಗೊತ್ತಾಗ್ತೈತಿ."

ಅದನ್ನೂ ಕುಡಿದ. ಏನೂ ಗೊತ್ತಾಗಲಿಲ್ಲ. ಎರಡೂ ಛಲೋ ಇದ್ದವು. ಅದೇ ಅವನ ತೊಂದರೆ.

"ಹಿಂಗಾದ್ರ ನಿನಗ ಸಂಜೀತನಕಾ ತಿಳ್ಯೂದಿಲ್ಲ," ಎಂದ ಗುರಣ್ಣ. "ಬಬಲೇಶ್ವರದಾಗ ನಮ್ಮ ತಂಗಿ ಮನ್ಯಾಗ ಬ್ಯಾರೆ ಕಂಪನಿ ಮಷೀನ್ ಐತಿ. ಹಾಕ್ಸಿ ಎಷ್ಟೋ ದಿನಾ ಆಗೈತಿ. ಹಳೇ ಮಷೀನಿನ ನೀರು ಕುಡದಾಗ ಖರೇ ತಿಳೀತೈತಿ. ನಡಿ, ಹೋಗಿ ಬರೂಣು."

ಸಂಗನಬಸವನಿಗೆ ಬೇಡ ಎನ್ನಬೇಕೋ ಹ್ಞೂಂ ಎನ್ನಬೇಕೋ ತೀರ್ಮಾನವಾಗುವಷ್ಟರಲ್ಲಿ ಅವನು ಬಬಲೇಶ್ವರದ ಬಸ್ಸಿನಲ್ಲಿ ಕೂತಿದ್ದ.

ಗುರಣ್ಣನ ತಂಗಿ ಧಾರಾಳದ ಹೆಂಗಸು. ವಿಜಯಪುರದಿಂದ ನೀರು ಕುಡಿಯುವುದಕ್ಕೆಂದೇ ಒಬ್ಬರು ಬಂದಿದ್ದಾರೆ ಎಂದು ತಿಳಿದ ಕೂಡಲೇ ಮನೆಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ತಂಬಿಗೆ ತೆಗೆದಳು. ಅವನು ಖಾಲಿ ಮಾಡಿದ. ಅವನ ಶ್ರದ್ಧೆ ನೋಡಿ ಮತ್ತೆ ತುಂಬಿಸಿದಳು. ಸುದ್ದಿ ಓಣಿಗೆ ಹಬ್ಬಿತು. ಆಚೆ ಮನೆಯವರು, "ಅವರ ಮಷೀನಿಂದು ಕುಡದೀರಿ, ನಮ್ಮದೇನ್ ಪಾಪ ಮಾಡೈತ್ರಿ?" ಎಂದು ಕೈಹಿಡಿದು ಕರೆದೊಯ್ದರು. ಈಚೆ ಮನೆಯವರಲ್ಲಿ ಮಷೀನೇ ಇರಲಿಲ್ಲ, ಆದರೂ ಬಿಡಲಿಲ್ಲ. ಬರೀ ನೀರು ಹೇಗೆ ಕೊಡುವುದೆಂದು ಮೇಲೊಂದು ಕಪ್ಪು ಚಹಾ ಬೇರೆ ಕೊಟ್ಟರು. ಎಲ್ಲ ಕಡೆಯೂ ಗುರಣ್ಣ ಮೀಟರು ಅದ್ದುತ್ತಿದ್ದ, ಸಂಗನಬಸವ ಕುಡಿಯುತ್ತಿದ್ದ.

ವಾಪಸ್ಸು ಬರುವಾಗ ಬಸ್ಸು ಸಿಗಲಿಲ್ಲ, ಜೀಪು ಸಿಕ್ಕಿತು. ಅದರಲ್ಲಿ ಜನ ಮೆಣಸಿನಕಾಯಿ ಚೀಲದಂತೆ ಒತ್ತಿ ತುಂಬಿದ್ದರು. ಸಂಗನಬಸವನ ತೊಡೆಯ ಮೇಲೆ ಯಾರದೋ ಕುಂಬಳಕಾಯಿ ಕೂತಿತ್ತು. ರಸ್ತೆಯ ಒಂದೊಂದು ಕುಣಿಗೂ ಕುಂಬಳಕಾಯಿ ಮೇಲೆ ಹಾರಿ ಅವನ ಹೊಟ್ಟೆಯ ಮೇಲೆ ಇಳಿಯುತ್ತಿತ್ತು. ಹೊಟ್ಟೆಯೊಳಗಿನ ಬಬಲೇಶ್ವರದ ನೀರೆಲ್ಲ ಕುಲುಕಾಡಿ ಹೊರದಾರಿ ಹುಡುಕತೊಡಗಿತು.

"ಗುರಣ್ಣಾ, ಒಂದ ನಿಮಿಷ ಗಾಡಿ ನಿಂದ್ರಸಾಕ ಹೇಳೋ."

"ನಿಂತ್ರ ಹೊತ್ತಾಗ್ತೈತಿ. ಮಾವ ಬರೂ ಹೊತ್ತಾತು. ಸೀದಾ ಅಂಗಡೀಗೆ ಹೋಗೂಣು."

ಮಾವ ಎಂಬ ಶಬ್ದ ಕೇಳಿ ಸಂಗನಬಸವ ಹಲ್ಲು ಕಚ್ಚಿ ಕುಳಿತ.

ಸೊಲ್ಲಾಪುರ ರಸ್ತೆಯಲ್ಲಿ ಬಸಗೊಂಡಪ್ಪನ ಅಂಗಡಿ. ಗೋಡೆಯ ತುಂಬ ನೀರಿನ ಮಷೀನುಗಳು, ಬಿಳಿ, ಕಪ್ಪು, ನೀಲಿ, ಒಂದಕ್ಕಂತೂ ಒಳಗೆ ಬಣ್ಣದ ದೀಪ. ಬಸಗೊಂಡಪ್ಪ ಸಾವಕಾಶದ ಮನುಷ್ಯ. ಗಿರಾಕಿ ಬಂದರೆ ಮೊದಲು ಕೂಡಿಸಿ, ಬೆದರಿಸಿ, ಆಮೇಲೆ ಮಾರುವುದು ಅವನ ಪದ್ಧತಿ. ನಿಮ್ಮ ಬಡಾವಣೆಯ ನೀರು ಅಂಗಡಿಯಲ್ಲೂ ಇದೆ ಎಂದು ಒಂದು ಗ್ಲಾಸಿನಲ್ಲಿ ಅದನ್ನು, ಇನ್ನೊಂದರಲ್ಲಿ ಮಷೀನಿನ ನೀರನ್ನು ಇಟ್ಟ. ವಿದ್ಯುತ್ತಿನ ಎರಡು ಕಡ್ಡಿಗಳನ್ನು ಒಳಗೆ ಇಳಿಬಿಟ್ಟ. ಬಡಾವಣೆಯ ನೀರು ನೋಡನೋಡುತ್ತ ಕಂದು ಬಣ್ಣಕ್ಕೆ ತಿರುಗಿ, ಮೇಲೆ ಕೆನೆಯಂಥ ಕೊಳೆ ಕಟ್ಟಿತು.

"ನೋಡ್ರಿ, ಇದನ್ನ ನೀವು ಇಷ್ಟದಿನಾ ಕುಡದೀರಿ."

"ಆ ಬಣ್ಣ ಕಡ್ಡೀದು, ನೀರಿಂದಲ್ಲ," ಎಂದ ಗುರಣ್ಣ. "ಕಬ್ಬಿಣದ ಕಡ್ಡಿ ಕರಗಿದ್ರ ಮತ್ತೇನ್ ಹಾಲಿನಂಗ ಆಗ್ತೈತೇನು?"

"ನೀವು ಕುಡದ ನೋಡ್ತೀರೇನು ಹಂಗಾದ್ರ?"

ಇಬ್ಬರ ನಡುವೆ ಮಾತಿಗೆ ಮಾತು ಹತ್ತಿತು. ಸಂಗನಬಸವ ಇದ್ಯಾವುದನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಅಂಗಡಿಯ ಮೂಲೆಮೂಲೆಯಲ್ಲಿ ಪ್ರದರ್ಶನಕ್ಕಿಟ್ಟ ಮಷೀನುಗಳಿಂದ ನೀರು ಸುರಿಯುವ ಜುಳುಜುಳು ಸದ್ದು. ಆ ಸದ್ದು ಅವನ ಜೀವ ಹಿಂಡುತ್ತಿತ್ತು. ಬಸಗೊಂಡಪ್ಪ ತಿರುಗಿ, "ಇದರಾಗ ಯಾವ್ದು ಮನಸ್ಸಿಗಿ ಬಂತ್ರಿ ನಿಮಗ?" ಎಂದು ಕೇಳಿದಾಗ ಅವನ ಕಣ್ಣಿಗೆ ಕಂಡದ್ದು ಹಿಂದಿನ ಪಾಯಖಾನೆಯ ಬಾಗಿಲು ಒಂದೇ.

"ಅದು!" ಎಂದು ಕೂಗಿ ಆ ಬಾಗಿಲಿನತ್ತ ಓಟ ಕಿತ್ತ.

ದಾರಿಯಲ್ಲಿ ಮೇಜಿನ ಮೇಲೊಂದು ಬಿಳಿ ಮಷೀನಿತ್ತು. ಅವನ ಮೊಣಕೈ ತಾಗಿ ಅದು ನೆಲಕ್ಕೆ ಬಿದ್ದ ಸದ್ದಿಗೆ ರಸ್ತೆಯ ಜನ ಒಳಗೆ ಇಣುಕಿದರು. ಸಂಗನಬಸವ ನಿಲ್ಲಲಿಲ್ಲ. ಅವನು ಹೊರಗೆ ಬಂದಾಗ ಮುಖದ ಮೇಲೆ ಅಪಾರ ಶಾಂತಿಯಿತ್ತು. ಮಷೀನು ಮೂರು ತುಂಡಾಗಿ ಬಿದ್ದಿತ್ತು.

ಹೀಗೆ, ಇಷ್ಟು ದಿನ ಓದಿ, ಕೇಳಿ, ಕುಡಿದು ತೀರ್ಮಾನವಾಗದ ಆಯ್ಕೆ ಒಂದು ಮೊಣಕೈಯಿಂದ ತೀರ್ಮಾನವಾಯಿತು. ಒಡೆದದ್ದನ್ನು ಕೊಳ್ಳದೆ ಬೇರೆ ದಾರಿಯಿರಲಿಲ್ಲ. ನಿಜ ಹೇಳಬೇಕೆಂದರೆ ಸಂಗನಬಸವನಿಗೆ ಒಳಗೊಳಗೆ ಖುಷಿಯೇ ಆಯಿತು. ಆರಿಸುವ ಪೀಡೆ ತಪ್ಪಿತಲ್ಲ.

ಬಸಗೊಂಡಪ್ಪ ತುಂಡುಗಳನ್ನು ಎತ್ತಿ ನೋಡಿದ. "ಒಳಗಿನ ಯಂತ್ರ ಗಟ್ಟಿ ಐತ್ರಿ. ಹೊರಗಿನ ಡಬ್ಬಿ, ನೀರು ತುಂಬೂ ಟಾಕಿ, ನಳ ಅಷ್ಟ ಹೋಗ್ಯಾವ. ಅವನ್ನ ಸೊಲ್ಲಾಪುರದಿಂದ ತರಸ್ತೀನಿ. ಅಲ್ಲೀತನಕಾ ಪೈಪಿನಿಂದ ಸೀದಾ ಕೊಡದಾಗ ಹಿಡಕೋರಿ."

ತಾನೇ ಬಂದು ಅಡುಗೆಮನೆಯ ಗೋಡೆಗೆ ಯಂತ್ರವನ್ನು ಕೂಡಿಸಿದ. ಡಬ್ಬಿಯಿಲ್ಲದ ಆ ಮಷೀನು ಚರ್ಮ ಸುಲಿದ ಕೋಳಿಯಂತೆ ಕಾಣುತ್ತಿತ್ತು. ಅದರಿಂದ ಎರಡು ಸಣ್ಣ ಪೈಪುಗಳು ಜೋತುಬಿದ್ದಿದ್ದವು. ಅಷ್ಟರಲ್ಲಿ ಸಂಗನಬಸವನ ಫೋನು ಬಡಿದುಕೊಂಡಿತು. ಮಾವನ ಬಸ್ಸು ಊರ ಹತ್ತಿರ ಬಂದಿತ್ತು.

"ಇಲ್ಲಿ ಕೇಳ್ರಿ," ಎಂದ ಬಸಗೊಂಡಪ್ಪ. "ನೀಲಿ ಪೈಪಿನ್ಯಾಗ ಬರೂದು ಕುಡಿಯೂ ನೀರು. ಕೆಂಪು ಪೈಪಿನ್ಯಾಗ ಬರೂದು ಉಪ್ಪೆಲ್ಲಾ ಕೂಡಿದ ನೀರು, ಅದನ್ನ ಬಚ್ಚಲಕ್ಕ ಬಿಡ್ರಿ."

"ನಮ್ಮವ್ವಗ ಹೇಳ್ರಿ, ನಮ್ಮವ್ವಗ!" ಎಂದು ಸಂಗನಬಸವ ಬೈಕು ಏರಿ ಬಸ್ ನಿಲ್ದಾಣಕ್ಕೆ ಹಾರಿದ. ಬಸಗೊಂಡಪ್ಪ ಕಾಳವ್ವನಿಗೆ ಎಲ್ಲವನ್ನೂ ಮತ್ತೊಮ್ಮೆ ಹೇಳಿದ. ಅವಳು ತಲೆಯಾಡಿಸಿ, "ಹ್ಞೂಂ ತಿಳೀತು, ನಾ ಏನ್ ಸಣ್ಣ ಹುಡುಗಿ ಏನಪ್ಪಾ," ಎಂದು ಅವನನ್ನು ಕಳಿಸಿಕೊಟ್ಟಳು.

ನಿಲ್ದಾಣದಲ್ಲಿ ಮಾವನನ್ನು ಮಗಳ ಜೊತೆ ಆಟೋದಲ್ಲಿ ಕೂಡಿಸಿ, ತಾನು ಹಿಂದೆ ಬೈಕಿನಲ್ಲಿ ಬಂದ. ಆಟೋದ ಹಿಂದಿನ ಗಾಜಿನಲ್ಲಿ ಶೈಲಶ್ರೀಯ ಜಡೆ ಕಾಣುತ್ತಿತ್ತು. ದೇವರೇ, ಈ ಜಡೆ ಇವತ್ತು ವಾಪಸ್ಸು ಬಸ್ಸು ಹತ್ತದಿರಲಿ ಎಂದು ಅವನು ದಾರಿಯುದ್ದಕ್ಕೂ ಬೇಡಿಕೊಂಡ.

ಮನೆಯಲ್ಲಿ ಗುರಣ್ಣನೂ ಸಕೀನಾಳೂ ಆಗಲೇ ಜಾಗ ಹಿಡಿದು ಕೂತಿದ್ದರು. ಇಂಥ ಹೊತ್ತಿನಲ್ಲಿ ಬಾರದಿದ್ದರೆ ನೆರೆಹೊರೆ ಎಂದು ಯಾಕೆ ಅನ್ನಬೇಕು? ಶಿವಯೋಗೆಪ್ಪನವರು ಬಾಗಿಲಲ್ಲಿ ಕಾಲು ತೊಳೆದು ಒಳಗೆ ಬಂದು ಕುರ್ಚಿಯಲ್ಲಿ ಕೂತರು. ಶೈಲಶ್ರೀ ಕೈಕಾಲು ಮುಖ ತೊಳೆಯಲು ಹಿಂದಿನ ಬಚ್ಚಲಿಗೆ ಹೋದಳು. ಕಾಳವ್ವ ತಟ್ಟೆಯಲ್ಲಿ ಬೆಲ್ಲ, ಮೇಲೆ ತುಂಬಿದ ತಂಬಿಗೆ ಹಿಡಿದು ಬಂದಳು.

"ತಗೋರಿ ಬೀಗರ. ಹೊಸಾ ಮಷೀನಿನ ನೀರು."

ಶಿವಯೋಗೆಪ್ಪನವರು ಬೆಲ್ಲ ಬಾಯಿಗಿಟ್ಟರು. ತಂಬಿಗೆಯನ್ನು ಮೂಗಿನ ಹತ್ತಿರ ತಂದು ಮೂಸಿದರು. ಬಗ್ಗಿ ತಳ ನೋಡಿದರು. ಒಂದು ಗುಟುಕು ಕುಡಿದು ನಿಲ್ಲಿಸಿದರು. ಶಿವಯೋಗೆಪ್ಪನವರು ಕಣ್ಣು ಮುಚ್ಚಿಕೊಂಡರು, ತಂಬಿಗೆ ಎತ್ತಿದರು, ಗಂಟಲು ಏರಿಳಿಯಿತು, ಏರಿಳಿಯಿತು, ತಂಬಿಗೆ ಪೂರ್ತಿ ಮೇಲಕ್ಕೆದ್ದಿತು.

ಖಾಲಿ ತಂಬಿಗೆಯನ್ನು ಟಣ್ಣೆಂದು ತಟ್ಟೆಯಲ್ಲಿಟ್ಟು ಮೀಸೆ ಒರೆಸಿಕೊಂಡರು. "ಭೇಷ್ ಅಳಿಯಾರ! ನೀರಂದ್ರ ಇದು. ನಮ್ಮ ಹೊಲದ ಬಾವಿ ನೀರು ಕುಡದಂಗ ಆತು. ಇನ್ನೊಂದ ತಂಬಿಗಿ ತರ್ರಿ."

ಸಂಗನಬಸವನಿಗೆ ಹೋದ ಜೀವ ಬಂದಂತಾಯಿತು. ಗೋಡೆಗೆ ಒರಗಿ ಉಸಿರು ಬಿಟ್ಟ. ಇಡೀ ದಿನದ ಕುಂಬಳಕಾಯಿ, ಕುಣಿ, ಒಡೆದ ಮಷೀನು ಎಲ್ಲ ಸಾರ್ಥಕವೆನಿಸಿತು. ಎರಡನೆಯ ತಂಬಿಗೆಯೂ ಖಾಲಿಯಾಯಿತು. ಸಕೀನಾ ಒಂದು ಗ್ಲಾಸು ಕುಡಿದು, "ಖರೇನ ರುಚಿ ಐತ್ರಿ, ನಾನೂ ಒಂದು ಮಷೀನ್ ತಗೋತೀನಿ," ಎಂದಳು. ಬಚ್ಚಲಿಂದ ಬಂದ ಶೈಲಶ್ರೀಯ ಮುಖ ತೊಳೆದ ಬೆಳ್ಳಿಯಂತೆ ಹೊಳೆಯುತ್ತಿತ್ತು. ಬಂದವಳೇ, "ಅಪ್ಪಾ, ನಾ ಇನ್ನ ಇಲ್ಲೇ ಇರ್ತೀನಿ," ಎಂದು ಯಾರೂ ಕೇಳುವ ಮೊದಲೇ ಹೇಳಿ, ಚೀಲವನ್ನು ಒಳಗಿನ ಕೋಣೆಗೆ ಒಯ್ದಳು.

ಗುರಣ್ಣ ಒಬ್ಬನೇ ಕುಡಿದಿರಲಿಲ್ಲ. ತನ್ನ ಗ್ಲಾಸಿನೊಳಗೆ ಮೀಟರು ಅದ್ದಿದವನು ಅದನ್ನೇ ನೋಡುತ್ತ ಕೂತಿದ್ದ. ಹೊರತೆಗೆದು ಝಾಡಿಸಿದ. ಮತ್ತೆ ಅದ್ದಿದ.

"ಏನ್ರಿ ಅದು?" ಎಂದರು ಶಿವಯೋಗೆಪ್ಪನವರು.

"ಏನಿಲ್ರಿ," ಎಂದ ಗುರಣ್ಣ ಪೆಚ್ಚಾಗಿ. "ಬ್ಯಾಟರಿ ಹೋದಂಗ ಕಾಣ್ತೈತಿ. ಮುಂಜಾನೆ ಬೋರಿನ ನೀರಿಗಿ ತೋರ್ಸಿದ್ದಕ್ಕಿಂತ ಈಗ ಹೆಚ್ಚಿಗಿ ತೋರ್ಸಾಕತ್ತೈತಿ." ಮೀಟರನ್ನು ಜೇಬಿಗೆ ಹಾಕಿ, ತಲೆ ಕೆಳಗೆ ಮಾಡಿ ಮನೆಗೆ ಹೋದ. ಸಕೀನಾಳೂ ಎದ್ದು ಹೋದಳು.

ಸಂಗನಬಸವನಿಗೆ ಮೀಟರಿನ ಮೇಲಲ್ಲ, ಪೈಪಿನ ಮೇಲೆ ಅನುಮಾನ ಬಂತು. ಅಡುಗೆಮನೆಗೆ ಓಡಿ ನೋಡಿದ. ಕೆಂಪು ಪೈಪು ಕುಡಿಯುವ ತಾಮ್ರದ ಕೊಡದೊಳಗೆ ಧಾರೆಯಾಗಿ ಸುರಿಯುತ್ತಿತ್ತು. ನೀಲಿ ಪೈಪು ಗೋಡೆಯ ಸಂದಿಯಿಂದ ಬಚ್ಚಲಿಗೆ ಹೋಗಿ, ಅಲ್ಲಿದ್ದ ಬಕೀಟಿನೊಳಗೆ ತೊಟ್ಟಿಕ್ಕುತ್ತಿತ್ತು.

"ಯವ್ವಾ! ಪೈಪು ಉಲ್ಟಾ ಇಟ್ಟೀಯಲ್ಲ! ಅಂವಾ ನೀಲೀದು ಕುಡಿಯೂದು ಅಂದಿದ್ನಲ್ಲ!"

"ಅಂದಿದ್ದ," ಎಂದಳು ಕಾಳವ್ವ ಚಪಾತಿ ಲಟ್ಟಿಸುತ್ತ. "ನಾನೂ ಮೊದಲ ಹಂಗ ಇಟ್ಟಿದ್ನಿ. ನೋಡಿದ್ರ ನೀಲೀದರಾಗ ಹನಿ ಹನಿ, ಕೆಂಪದರಾಗ ಕೊಡಗಟ್ಟಲೆ. ಅಲ್ಲೋ ಸಂಗ್ಯಾ, ಅಷ್ಟ ರೊಕ್ಕಾ ಕೊಟ್ಟ ತಂದ ಮಷೀನು ಛಲೋ ನೀರು ತೊಟ್ಟ ಕೊಟ್ಟು ಕೆಟ್ಟ ನೀರು ಕೊಡಗಟ್ಟಲೆ ಕೊಡ್ತೈತೇನು? ಹಂಗಿದ್ರ ಯಾರರ ತಗೋತಾರೇನು? ಅಂವಾ ದಣದಿದ್ದ, ಬಾಯಿ ತಪ್ಪಿ ಹೇಳ್ಯಾನ. ನಾ ತಿದ್ದಿದ್ನಿ."

ಸಂಗನಬಸವ ತಲೆಯ ಮೇಲೆ ಕೈ ಹೊತ್ತು ನಿಂತ. ಮಷೀನಿನ ಒಳಗಿನ ಸೋಸುಬತ್ತಿಗಳು ವಾಸನೆಯನ್ನೂ ಕೊಳೆಯನ್ನೂ ತೆಗೆದಿದ್ದವು, ಅದರಿಂದ ಮಾವನ ಮೂಗಿಗೆ ಕಣ್ಣಿಗೆ ಏನೂ ಸಿಕ್ಕಿರಲಿಲ್ಲ. ಆದರೆ ನೀರಿನ ಉಪ್ಪೆಲ್ಲ ಕೆಂಪು ಪೈಪಿನಲ್ಲೇ ಉಳಿದಿತ್ತು. ಘೋಣಸಗಿಯ ಹೊಲದ ಬಾವಿಯೂ ಉಪ್ಪುನೀರಿನ ಸವುಳು ಬಾವಿಯೇ. ಹುಟ್ಟಿದಂದಿನಿಂದ ಅದನ್ನೇ ಕುಡಿದ ಶಿವಯೋಗೆಪ್ಪನವರಿಗೆ ಈ ನೀರು ತಮ್ಮೂರಿನ ರುಚಿ ಕೊಟ್ಟದ್ದರಲ್ಲಿ ಆಶ್ಚರ್ಯವೇನು?

ಮಾವನಿಗೆ ಮೋಸ ಮಾಡಲು ಅವನ ಮನಸ್ಸು ಒಪ್ಪಲಿಲ್ಲ. ಊಟಕ್ಕಾದರೂ ಒಳ್ಳೆಯ ನೀರು ಕೊಡಬೇಕೆಂದರೆ ಶೈಲಶ್ರೀ ಮುಖ ತೊಳೆದು ಬಕೀಟು ಬರಿದಾಗಿತ್ತು; ನೀಲಿ ಪೈಪಿನ ಕೆಳಗೆ ತಂಬಿಗೆ ಹಿಡಿದು ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತ. ಅದು ತೊಟ್ಟಿಕ್ಕಿತು. ಹೊರಗಿನಿಂದ "ಅಳಿಯಾರ, ಊಟಕ್ಕ ಬರ್ರಿ" ಎಂಬ ಕರೆ ಬಂತು. ಮತ್ತೆ ತೊಟ್ಟಿಕ್ಕಿತು. "ಎಲ್ಲಿ ಹೋದ್ರು ಇವರು?" ಎಂದು ಮಾವನೇ ಎದ್ದು ಬರುವ ಹೊತ್ತಿಗೆ ತಂಬಿಗೆ ಅಂತೂ ತುಂಬಿತು.

ಶಿವಯೋಗೆಪ್ಪನವರು ರೊಟ್ಟಿ, ಚಪಾತಿ, ಎಣ್ಣೆಗಾಯಿ ಎಲ್ಲವನ್ನೂ ಹೊಗಳುತ್ತ ಉಂಡು, ಆ ತಂಬಿಗೆ ಎತ್ತಿದರು. ಅರ್ಧ ಕುಡಿದು ನಿಲ್ಲಿಸಿದರು. ಹುಬ್ಬು ಗಂಟಾಯಿತು. ತಂಬಿಗೆ ಕೆಳಗಿಟ್ಟರು.

"ಇದ್ಯಾವ ನೀರ್ರಿ? ಸಪ್ಪ! ಉಗುಳು ನುಂಗಿದಂಗ ಆತು. ಆಗಿನ ನೀರೆಲ್ಲಿ ಹೋತು? ಮಷೀನು ಇಷ್ಟ ಹೊತ್ತಿನ್ಯಾಗ ಕೆಟ್ಟ ಹೋತೇನು?" ಒಳಗಿನ ಕೋಣೆಯ ಕಡೆ ತಿರುಗಿ ಮಗಳನ್ನು ಕೂಗಿದರು. "ತಂಗೀ, ಚೀಲ ಬಿಚ್ಚಿದೇನು, ಇನ್ನೂ ಇಲ್ಲೇನು?"

"ಮಾವಾರ, ಒಂದ ನಿಮಿಷ!" ಸಂಗನಬಸವ ತಂಬಿಗೆಯನ್ನು ಕಸಿದುಕೊಂಡು ಒಳಗೆ ಓಡಿದ. ಒಳ್ಳೆಯ ನೀರನ್ನು ಬಕೀಟಿಗೆ ಚೆಲ್ಲಿ, ತಾಮ್ರದ ಕೊಡದಲ್ಲಿ ಮುಳುಗಿಸಿ ತಂದು ಎರಡೂ ಕೈಯಿಂದ ಒಪ್ಪಿಸಿದ. "ತಪ್ಪಿ ಬ್ಯಾರೇದು ತಂದಿದ್ನಿ ಮಾವಾರ. ಇದು ಮಷೀನಿಂದು."

ಗಟಗಟ ಸದ್ದಾಯಿತು. ತಂಬಿಗೆ ಖಾಲಿಯಾಯಿತು. ಮೀಸೆ ಒರೆಸಿಕೊಂಡದ್ದಾಯಿತು.

"ಹಾಂ! ಇದಕ್ಕ ನೀರು ಅಂತಾರ," ಎಂದರು ಶಿವಯೋಗೆಪ್ಪನವರು. "ನೀರಿಗೊಂದು ರುಚಿ ಇರಬೇಕ್ರಿ. ಬೀಗಿತ್ಯಾರ, ಆ ಮಷೀನಿಗಿ ಯಾರಿಗೂ ಕೈ ಹಚ್ಚಾಕ ಕೊಡಬ್ಯಾಡ್ರಿ. ನೀವ ನೋಡಕೋರಿ."

"ನಾ ಇರಾಕ ಯಾರ ಹಚ್ತಾರ್ರಿ," ಎಂದಳು ಕಾಳವ್ವ. ಅಲ್ಲಿಗೆ ಮಷೀನಿನ ಮೇಲಿನ ಅಧಿಕಾರ ಪೂರ್ತಿಯಾಗಿ ಅವಳ ಕೈಗೆ ಹೋಯಿತು.

ಶಿವಯೋಗೆಪ್ಪನವರು ಮಗಳ ತಲೆಯ ಮೇಲೆ ಕೈಯಿಟ್ಟು, ಅಳಿಯನ ಬೆನ್ನು ತಟ್ಟಿ, ಒಂದು ಬಾಟಲಿ ಮಷೀನಿನ ನೀರನ್ನು ದಾರಿಗೆ ಕಟ್ಟಿಸಿಕೊಂಡು ಹೊರಟರು. ಬಸ್ಸು ಅವರೊಬ್ಬರನ್ನೇ ಹತ್ತಿಸಿಕೊಂಡು ಹೋದದ್ದನ್ನು ಕಣ್ಣಾರೆ ಕಂಡು ಸಂಗನಬಸವ ಮನೆಗೆ ಬಂದ. ಅವನ ಮನಸ್ಸು ಹಗುರಾಗಿತ್ತು. ಅಡುಗೆಮನೆಯಲ್ಲಿ ಬಳೆಯ ಸದ್ದಿತ್ತು. ಇಷ್ಟು ದಿನ ಆ ಸದ್ದಿಲ್ಲದೆ ಮನೆ ಬಿಕೋ ಎಂದದ್ದು ಅವನಿಗೆ ಈಗ ತಿಳಿಯಿತು.

ಇನ್ನು ಉಳಿದದ್ದು ತನ್ನ ಬಾಯಾರಿಕೆ. ಬಬಲೇಶ್ವರದ ನೀರೆಲ್ಲ ಎಂದೋ ಖರ್ಚಾಗಿತ್ತು. ತಾನಾದರೂ ಒಳ್ಳೆಯ ನೀರು ಕುಡಿಯೋಣ, ಅವ್ವನಿಗೆ ಯಾಕೆ ತಿಳಿಯಬೇಕು ಎಂದು ಕಳ್ಳಹೆಜ್ಜೆಯಲ್ಲಿ ಬಚ್ಚಲಿಗೆ ಹೋಗಿ ಬಕೀಟಿಗೆ ತಂಬಿಗೆ ಅದ್ದಿದ. ಹಿಂದಿನಿಂದ ಯಾರೋ ಕೈ ಹಿಡಿದರು.

ಶೈಲಶ್ರೀ. ಹೆಗಲ ಮೇಲೆ ಟವೆಲು, ಕೈಯಲ್ಲಿ ಶಿಕಾಕಾಯಿ.

"ಆ ಬಕೀಟು ಮುಟ್ಟಬ್ಯಾಡ್ರಿ."

"ಅಲ್ಲ, ಇದು..." ಎಂದು ಸಂಗನಬಸವ ಪಿಸುಗುಟ್ಟಿದ, "ನಿನಗ ಹೇಳ್ತೀನಿ, ಯಾರಿಗೂ ಹೇಳಬ್ಯಾಡ. ಖರೇ ಛಲೋ ನೀರು ಇದ. ಅವ್ವ ಪೈಪು..."

"ಗೊತ್ತೈತ್ರಿ. ಬಂದ ಕೂಡ್ಲೆ ಮಾರಿ ತೊಳ್ಯಾಕ ಸಾಬೂನು ಹಚ್ಚಿದ್ನಿ. ಏನ್ ನೊರಿ ಬಂತಂತೀರಿ! ಅವಾಗ ತಿಳೀತು ಅತ್ತಿ ಪೈಪು ಅದಲ್ ಬದಲ್ ಮಾಡ್ಯಾರಂತ."

"ಮತ್ತ ಅವಾಗ ಯಾಕ ಹೇಳಲಿಲ್ಲ?"

"ಹೇಳಿದ್ರ ಅಪ್ಪ ತಂಬಿಗಿ ಖಾಲಿ ಮಾಡ್ತಿದ್ರೇನ್ರಿ? ನಾ ಈ ಹೊತ್ತಿಗೆ ಎಮ್ಮಿ ಮೈ ತೊಳೀತಿದ್ನಿ." ಅವನ ಕೈಯಿಂದ ತಂಬಿಗೆ ಬಿಡಿಸಿಕೊಂಡು ನೀರನ್ನು ಒಂದು ಹನಿಯೂ ಹೊರಗೆ ಬೀಳದಂತೆ ಬಕೀಟಿಗೆ ಸುರಿದಳು. "ಅತ್ತೀಗೂ ಹೇಳಬ್ಯಾಡ್ರಿ. ಎಷ್ಟ ಹೊತ್ತಿನ ಮ್ಯಾಲ ಒಂದ ಬಕೀಟು ತುಂಬೈತಿ. ಇದು ದಿನಾ ನನ್ನ ತಲೀಗೆ ಬೇಕು."

"ಮತ್ತ ನಾ ಏನ್ ಕುಡೀಲಿ?"

"ಕೊಡ ತುಂಬೇತಲ್ರಿ, ಅಪ್ಪ ಅಷ್ಟ ಹೊಗಳಿದ್ದು," ಎಂದು ಶೈಲಶ್ರೀ ನಕ್ಕು ಬಚ್ಚಲ ಬಾಗಿಲು ಹಾಕಿಕೊಂಡಳು. ಒಳಗೆ ನೀರು ಹೊಯ್ದುಕೊಳ್ಳುವ ಸದ್ದಿನ ಜೊತೆಗೆ ಒಂದು ಹಾಡಿನ ಗುನುಗು ಕೇಳಿಸಿತು.

ಸಂಗನಬಸವ ಬಾಗಿಲ ಹೊರಗೆ ನಿಂತು ಆ ಗುನುಗನ್ನು ಕೇಳಿದ. ನಗಬೇಕೋ ಅಳಬೇಕೋ ತಿಳಿಯದೆ ನಕ್ಕ. ತಿರುಗಿ ನೋಡಿದರೆ ಕಾಳವ್ವ ನಿಂತಿದ್ದಳು. ಒಂದು ಕೈಯಲ್ಲಿ ಬೆಲ್ಲದ ಚೂರು, ಇನ್ನೊಂದರಲ್ಲಿ ಕೆಂಪು ಪೈಪಿನ ನೀರು ತುಂಬಿದ ತಂಬಿಗೆ.

"ಮುಂಜಾನಿಂದ ಅಡ್ಡಾಡಿ ದಣದೀಯಪ್ಪ, ಕುಡಿ," ಎಂದಳು. "ಅರ್ಧ ಬಿಟ್ಟೀಯ ಮತ್ತ."

ಸಂಗನಬಸವ ಬೆಲ್ಲವನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ತಂಬಿಗೆಯನ್ನು ಪೂರ್ತಿ ಖಾಲಿ ಮಾಡಿದ.